ಕ್ಲಾಟ್ ಕೋಚಿಂಗಿಗೆ ರೊಕ್ಕ ಕಟ್ಟೋಕಿಂತ ಮೊದ್ಲ ಇದು ಓದ್ರಿ

ಕ್ಲಾಟ್ ಅಂದ್ರ ನ್ಯಾಷನಲ್ ಲಾ ಯೂನಿವರ್ಸಿಟಿ ಸೇರೋಕ ಬರೆಯೋ ಪ್ರವೇಶ ಪರೀಕ್ಷೆ. ಕೋಚಿಂಗ್ ಹೆಸ್ರು ಹೇಳಂಗಿಲ್ಲ, ಕೇಳಬ್ಯಾಡ್ರಿ. ನಡೆದದ್ದು ಮಾತ್ರ ಹೇಳ್ತೀನಿ, ಯಾಕಂದ್ರ ತೊಗರಿ ರಾಶಿ ಮುಗೀತಂದ್ರ ನಮ್ಮ ಕಲಬುರಗಿ ಕಡಿ ಮಂದಿ ಕೈಯಾಗ ಒಂದೀಟು ರೊಕ್ಕ ಓಡಾಡ್ತದ, ಅದೇ ಟೈಮಿಗೆ ಊರ ತುಂಬ ಇವ್ರ ಬ್ಯಾನರ್ ಏಳ್ತಾವ.

ನನ್ನ ಝೆರಾಕ್ಸ್ ಅಂಗಡಿ ಕೋರ್ಟ್ ಹತ್ರ ಅದ. ತಂಗಿ ಅಲ್ಲೇ ಕುಂತು ಕರಿ ಕೋಟಿನವ್ರನ್ನ ನೋಡಿ ನೋಡಿ ವಕೀಲಕಿ ಆಗ್ತೀನಿ ಅಂತ ಹಟ ಹಿಡಿದಳು. 2024ರ ಜನವರಿಯಾಗ ಅಪ್ಪ ತೊಗರಿ ಮಾರಿ 45 ಸಾವಿರ ಒಮ್ಮಿಗೇ ಕಟ್ಟಿದ. ಡೆಮೋ ಕ್ಲಾಸ್ ತಗೊಂಡ ಸರ್ ಭಾಳ ಛಲೋ ಹೇಳಿದ್ರು, ಆಮ್ಯಾಲ ಅವ್ರ ಮಾರಿ ಯಾರೂ ನೋಡಿಲ್ಲ.

ಖರೇ ಹೊಡ್ತ ಬಿದ್ದದ್ದು ನೋಟ್ಸ್‌ನಾಗ. ಲ್ಯಾಟಿನ್ ಮ್ಯಾಕ್ಸಿಮ್ (ಕಾನೂನಿನ ಸೂತ್ರವಾಕ್ಯ), ಮೊದಲನೇ ಚೀಫ್ ಜಸ್ಟಿಸ್ ಯಾರು, ಐಪಿಸಿ ಸೆಕ್ಷನ್, ಎಲ್ಲಾ ಬಾಯಿಪಾಠ. ಜುಲೈ 1ಕ್ಕ ಐಪಿಸಿ ಹೋಗಿ ಅದರ ಜಾಗಕ್ಕ ಭಾರತೀಯ ನ್ಯಾಯ ಸಂಹಿತೆ ಬಂತು, ಇವ್ರು ಆಗಸ್ಟ್‌ನಾಗೂ ಹಳೇ ಸೆಕ್ಷನ್ 302, 420 ಒದರಿಸ್ತಿದ್ರು! ಅಲ್ರೀ, ಕ್ಲಾಟ್ 2020ರಾಗೇ ಬದಲಾಗ್ಯದ. ಈಗ 2 ತಾಸು, 120 ಪ್ರಶ್ನೆ, ತಪ್ಪಾದ್ರ 0.25 ಕಟ್, ಎಲ್ಲಾ ಇಂಗ್ಲಿಷ್‌ನಾಗ, ಪ್ಯಾಸೇಜ್ ಓದೇ ಉತ್ತರ ಹುಡುಕಬೇಕು, ಲೀಗಲ್ ರೀಸನಿಂಗ್ (ಕಾನೂನು ತರ್ಕ) ಭಾಗಕ್ಕ ಬೇಕಾದ ರೂಲ್‌ನೂ ಪ್ಯಾಸೇಜ್‌ನಾಗೇ ಕೊಟ್ಟಿರ್ತಾರ. ಇವ್ರ ಮಾಕ್ ಟೆಸ್ಟ್ ಒಂದೊಂದು ಸಾಲಿನ ಪ್ರಶ್ನೆ, ತಂಗಿ 50 ನಿಮಿಷದಾಗ ಮುಗಿಸಿ ಬರ್ತಿದ್ಳು, ನಾವು ಮನ್ಯಾಗ ಖುಷಿಯೋ ಖುಷಿ.

ಅಕ್ಟೋಬರ್‌ನಾಗ ಕ್ಲಾಟ್ ನಡೆಸೋ ಕನ್ಸಾರ್ಷಿಯಂ ವೆಬ್‌ಸೈಟಿನಿಂದ ಹಳೇ ಪೇಪರ್ ತೆಗೆದು (ಪುಗಸಟ್ಟೆ ಸಿಗ್ತದ, ನಮಗ ಯಾರೂ ಹೇಳಿದ್ದಿಲ್ಲ) ಅಂಗಡ್ಯಾಗೇ ಗಡಿಯಾರ ಇಟ್ಕೊಂಡು ಕುಂತಳು. ಒಂದೊಂದು ಪ್ಯಾಸೇಜ್ 450 ಪದದ ತನಕ. ಟೈಮ್ ಮುಗಿದಾಗ 71ನೇ ಪ್ರಶ್ನೆ ಮ್ಯಾಲಿದ್ಳು. "ಅಣ್ಣಾ, ಇದು ನಮಗ ಹೇಳಿಕೊಟ್ಟ ಪರೀಕ್ಷೆನೇ ಅಲ್ಲ" ಅಂದ್ಳು. ಆವಾಗ ನೋಟ್ಸ್ ತಿರುವಿ ಹಾಕಿದೆ, ಪ್ರತಿ ಹಾಳಿ ಕೆಳಗ ಸಣ್ಣಕ್ಷರದಾಗ 2016. ಅವೆಲ್ಲಾ ಝೆರಾಕ್ಸ್ ಹೊಡೆದು ಕೊಟ್ಟಾಂವ ನಾನೇ, ದಿನಾ ಸಾವಿರ ಹಾಳಿ ನೋಡೋ ಕಣ್ಣಿಗೆ ಅದೊಂದು ಬಿದ್ದಿದ್ದಿಲ್ಲ.

ರೊಕ್ಕ ವಾಪಸ್ ಕೇಳಿದ್ರ ಕೋಚಿಂಗ್‌ನಾಂವ ರಸೀದಿ ಹಿಂದ 'ನೋ ರೀಫಂಡ್' ಸಿಕ್ಕಾ ತೋರ್ಸಿದ. ನಡುವ ಬಿಟ್ರ ಉಳಿದ ಫೀ 10 ದಿನದಾಗ ಕೊಡಬೇಕಂತ ಕೇಂದ್ರ ಶಿಕ್ಷಣ ಇಲಾಖೆ ಅದೇ 2024ರ ಜನವರಿಯಾಗ ಮಾರ್ಗಸೂಚಿ ಮಾಡ್ಯದ, ನನಗ ಗೊತ್ತಾಗಿದ್ದು ಭಾಳ ತಡ. ನೀವು ಕಟ್ಟೋಕಿಂತ ಮೊದ್ಲೇ ಆ ಮಾತು ತೆಗೀರಿ, ಹೋದ ವರ್ಷದ ಪೇಪರ್ ಒಂದು ಪ್ರಿಂಟ್ ಒಯ್ದು ಅವ್ರ ಮಾಕ್ ಪೇಪರ್ ಪಕ್ಕ ಇಟ್ಟು ನೋಡ್ರಿ, ಎರಡು ನಿಮಿಷದಾಗ ತಿಳೀತದ.

ಡಿಸೆಂಬರ್ 1ರ ಪರೀಕ್ಷೆ ಹೆಂಗಾಯ್ತು ಅಂತ ಬರೆಯೋದೇ ಬ್ಯಾಡ. ಅರ್ಜಿ ಫೀ 4 ಸಾವಿರಾನೂ ಹೋಯ್ತು. ಪಿಯುಸಿ ಮಾರ್ಕ್ಸ್ ಛಲೋ ಇದ್ವು, ಆ ಮಾರ್ಕ್ಸ್ ಮ್ಯಾಲೇ ಇಲ್ಲೇ ಲಾ ಕಾಲೇಜಿನಾಗ ಸೀಟ್ ಸಿಕ್ತು, ಅದಕ್ಕ ಕ್ಲಾಟ್ ಬೇಕೇ ಇಲ್ಲ.

ಈಗ ನೋಡಿದ್ರ ಅವ್ರ ಹೊಸ ಬ್ಯಾನರ್‌ನಾಗ ತಂಗಿ ಫೋಟೋ, ಕೆಳಗ 'ನಮ್ಮ ಸಾಧಕರು'. ಫೋನ್ ಹಚ್ಚಿ ತೆಗೀರಿ ಅಂದ್ರ, "ಲಾ ಸೀಟ್ ಸಿಕ್ಕದಲ್ರೀ, ಸುಳ್ಳೇನದ ಅದ್ರಾಗ?" ಅಂದ.