ಏಳು ದಿನದ ಸಾಲದ ಆ್ಯಪ್: ಕಾಲೇಜು ಹುಡುಗರು ದಯವಿಟ್ಟು ಓದಿ

ನನ್ನ ಚಿಕ್ಕಮ್ಮನ ಮಗ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಆನ್‌ಲೈನ್ ಶಾಪಿಂಗ್‌ನಲ್ಲಿ 'ಈಗ ತಗೊಳ್ಳಿ, ಆಮೇಲೆ ಕಟ್ಟಿ' ಅಂತ ಬರುತ್ತದಲ್ಲ, ಅದರಲ್ಲಿ ಶೂ, ಇಯರ್‌ಬಡ್ಸ್ ತಗೊಂಡಿದ್ದ. ಅದೂ ಸಾಲವೇ. ಕಟ್ಟುವುದು ತಡವಾದರೆ ದಂಡ ಬೀಳುತ್ತದೆ, ಕ್ರೆಡಿಟ್ ಸ್ಕೋರ್ (ನೀವು ಸಾಲ ಸರಿಯಾಗಿ ತೀರಿಸುತ್ತೀರಾ ಅಂತ ಬ್ಯಾಂಕುಗಳು ನೋಡುವ ಅಂಕ) ಕೂಡ ಹಾಳಾಗುತ್ತದೆ. ಆ ಬಾಕಿ ತೀರಿಸಲು ವಾಟ್ಸಾಪ್‌ನಲ್ಲಿ ಬಂದ ಲಿಂಕ್‌ನಿಂದ ಒಂದು ಸಾಲದ ಆ್ಯಪ್ ಹಾಕಿಕೊಂಡ.

5,000 ರೂಪಾಯಿ ಮಂಜೂರಾಗಿದೆ ಅಂತ ತೋರಿಸಿತು. ಖಾತೆಗೆ ಬಂದದ್ದು 3,200. ಉಳಿದದ್ದನ್ನು ಪ್ರೊಸೆಸಿಂಗ್ ಫೀ ಅಂತ ಮೊದಲೇ ಮುರಿದುಕೊಂಡಿದ್ದರು. ಏಳನೇ ದಿನ ಪೂರ್ತಿ 5,000 ಕಟ್ಟಬೇಕು. ಅಂದರೆ 3,200ಕ್ಕೆ ಒಂದೇ ವಾರಕ್ಕೆ 1,800! ನಮ್ಮ ಕಡೆಯ ಮೀಟರ್ ಬಡ್ಡಿಯವರೂ ಇವರ ಮುಂದೆ ಏನೂ ಅಲ್ಲ. ಕಟ್ಟಲಾಗದೆ ಕೂತಾಗ ಅದೇ ಆ್ಯಪ್ ಇನ್ನೊಂದು ಆ್ಯಪ್ ತೋರಿಸಿತು, ಅಲ್ಲಿ ತಗೊಂಡು ಇಲ್ಲಿ ಕಟ್ಟು ಅಂತ.

ಆಮೇಲೆ ಶುರುವಾಯಿತು ನೋಡಿ. ಚಿಕ್ಕಮ್ಮನಿಗೆ ಫೋನ್, ಅವನ ಮೇಷ್ಟರಿಗೆ ಫೋನ್, ಕೊನೆಗೆ ಅವನ ಮುಖ ಅಂಟಿಸಿದ ಅಸಹ್ಯ ಫೋಟೋ ನಮ್ಮ ನೆಂಟರಿಗೆಲ್ಲ ಹೋಯಿತು. ಆ್ಯಪ್ ಹಾಕುವಾಗ ಕಾಂಟ್ಯಾಕ್ಟ್, ಗ್ಯಾಲರಿ, ಎಸ್ಸೆಮ್ಮೆಸ್ ಎಲ್ಲಕ್ಕೂ 'ಅಲೋ' ಒತ್ತಿಸಿಕೊಂಡಿದ್ದರು. ಎಸ್ಸೆಮ್ಮೆಸ್ ಓದಿದರೆ ನೀವು ಏನು ಆರ್ಡರ್ ಮಾಡಿದಿರಿ, ಖಾತೆಯಲ್ಲಿ ಎಷ್ಟಿದೆ, ಯಾರಿಗೆ ಎಷ್ಟು ಬಾಕಿ ಇದೆ ಎಲ್ಲಾ ಗೊತ್ತಾಗುತ್ತದೆ. ಇಂಥವರು ಅಡವಿಟ್ಟುಕೊಳ್ಳುವುದೇ ನಿಮ್ಮ ಕಾಂಟ್ಯಾಕ್ಟ್ ಲಿಸ್ಟನ್ನು.

ಇದ್ಯಾವುದಕ್ಕೂ ಕಾನೂನಿನಲ್ಲಿ ಜಾಗವಿಲ್ಲ. ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ: ಸಾಲದ ಆ್ಯಪ್ ನಿಮ್ಮ ಕಾಂಟ್ಯಾಕ್ಟ್, ಕಾಲ್ ಲಾಗ್, ಫೋಟೋ ಮುಟ್ಟುವ ಹಾಗಿಲ್ಲ, ಫೀ ಸೇರಿಸಿ ವರ್ಷಕ್ಕೆ ಎಷ್ಟು ಬಡ್ಡಿಯಾಗುತ್ತದೆ ಅಂತ ಮೊದಲೇ ಬರೆದು ಕೊಡಬೇಕು, ಸಾಲ ಕೊಡುವ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ (ಬ್ಯಾಂಕ್ ಅಲ್ಲದ ಹಣಕಾಸು ಕಂಪನಿ) ಯಾವುದು ಅಂತ ಹೇಳಲೇಬೇಕು. 60 ದಿನದೊಳಗೆ ಪೂರ್ತಿ ವಾಪಸ್ ಕೇಳುವ ಸಾಲದ ಆ್ಯಪ್‌ಗೆ ಗೂಗಲ್ ಪ್ಲೇ ಸ್ಟೋರ್ ನಿಯಮದಲ್ಲೂ ಅವಕಾಶವಿಲ್ಲ. ಏಳು ದಿನ ಅಂತ ಕಂಡ ಕೂಡಲೇ ಮುಚ್ಚಿಬಿಡಿ. ಬ್ಯಾಂಕು, ಎನ್‌ಬಿಎಫ್‌ಸಿಗಳು ತಮ್ಮದೆಂದು ತಿಳಿಸಿರುವ ಆ್ಯಪ್‌ಗಳ ಪಟ್ಟಿ 2025ರ ಜುಲೈನಿಂದ ರಿಸರ್ವ್ ಬ್ಯಾಂಕ್ ವೆಬ್‌ಸೈಟ್‌ನಲ್ಲಿದೆ, ಅಲ್ಲಿ ಹೆಸರು ಹುಡುಕಿ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಇನ್ನೊಂದು ಸಾಲ ಮಾತ್ರ ಮಾಡಬೇಡಿ. ಆ್ಯಪ್ ತೆಗೆದ ಮಾತ್ರಕ್ಕೆ ಅವರು ಕದ್ದ ನಂಬರ್‌ಗಳು ಅಳಿಸಿಹೋಗುವುದಿಲ್ಲ. ಅದಕ್ಕೇ ಮೊದಲು ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ, ನನ್ನ ಬಗ್ಗೆ ಏನಾದರೂ ಫೋಟೋ, ಫೋನ್ ಬಂದರೆ ನಂಬಬೇಡಿ ಅಂತ ಫೋನ್‌ನಲ್ಲಿರುವವರಿಗೆಲ್ಲ ನೀವೇ ಒಂದು ಮೆಸೇಜ್ ಹಾಕಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ. ಮರ್ಯಾದೆಗೆ ಅಂಜಿ ಜೀವ ಕಳೆದುಕೊಂಡವರಿದ್ದಾರೆ. ನಮ್ಮ ಹುಡುಗ ಮನೆಯಲ್ಲಿ ಬಾಯಿಬಿಟ್ಟದ್ದೇ ಒಳ್ಳೆಯದಾಯಿತು. ಚಿಕ್ಕಪ್ಪ ಬೈಯಲಿಲ್ಲ, ಅವನ ಜೊತೆ ಸೈಬರ್ ಪೊಲೀಸ್ ಠಾಣೆಗೆ ಹೋಗಿ ಕೂತರು.