ವೇರಿಯೋಲಿಂಕ್ ಎಸ್ಥೆಟಿಕ್: ಎಲ್‌ಸಿ ಎಲ್ಲಿ ಸಾಕು, ಡಿಸಿ ಎಲ್ಲಿ ಬೇಕು

ಐವೋಕ್ಲಾರ್ ಕಂಪನಿಯ ವೇರಿಯೋಲಿಂಕ್ ಎಸ್ಥೆಟಿಕ್, ಸೆರಾಮಿಕ್ ತುಂಡುಗಳನ್ನು ಹಲ್ಲಿಗೆ ಅಂಟಿಸುವ ರೆಸಿನ್ ಸಿಮೆಂಟ್. ಅದು ಎರಡು ಬಗೆಯಲ್ಲಿ ಸಿಗುತ್ತದೆ. ಎಲ್‌ಸಿ (ಲೈಟ್ ಕ್ಯೂರ್) ಬೆಳಕು ಬಿದ್ದರಷ್ಟೇ ಗಟ್ಟಿಯಾಗುತ್ತದೆ. ಡಿಸಿ (ಡ್ಯುಯಲ್ ಕ್ಯೂರ್) ಬೆಳಕಿಗೂ ಗಟ್ಟಿಯಾಗುತ್ತದೆ, ಎರಡು ಪೇಸ್ಟ್ ಬೆರೆತ ಮೇಲೆ ತಾನಾಗಿಯೂ ಗಟ್ಟಿಯಾಗುತ್ತದೆ. ಮುಂಭಾಗದ ಹಲ್ಲುಗಳ ಮೇಲೆ ಅಂಟಿಸುವ ತೆಳು ಸೆರಾಮಿಕ್ ಪದರಗಳಾದ ವೆನೀರ್‌ಗಳಿಗೆ ಎಲ್‌ಸಿ ಬಹಳ ಒಳ್ಳೆಯ ಸಿಮೆಂಟ್. ಅದೇ ಸಿರಿಂಜನ್ನು ದವಡೆ ಹಲ್ಲಿನ ಅಗಿಯುವ ಭಾಗವನ್ನು ಮುಚ್ಚುವ ದಪ್ಪ ತುಂಡಿಗೂ, ಅಂದರೆ ಆನ್‌ಲೇಗೂ ಬಳಸಿದರೆ ಕೆಲಸ ಕೆಡುತ್ತದೆ, ಕೆಟ್ಟದ್ದು ಆ ದಿನ ಗೊತ್ತೂ ಆಗುವುದಿಲ್ಲ.

ಗೊತ್ತಾಗದಿರಲು ಕಾರಣವಿದೆ. ಅಂಚಿನಿಂದ ಹೊರಬಂದ ಹೆಚ್ಚುವರಿ ಸಿಮೆಂಟಿಗೆ ದೀಪದ ಬೆಳಕು ನೇರವಾಗಿ ಬೀಳುತ್ತದೆ. ಎಕ್ಸ್‌ಪ್ಲೋರರ್ (ಹಲ್ಲು ಪರೀಕ್ಷಿಸುವ ಚೂಪು ಸಲಕರಣೆ) ಮುಟ್ಟಿಸಿದರೆ ಅದು ಕಲ್ಲಿನಂತೆ ಗಟ್ಟಿ. ಸೆರಾಮಿಕ್‌ನ ಕೆಳಗೆ, ನಡುಭಾಗದಲ್ಲಿರುವ ಸಿಮೆಂಟಿಗೆ ಬಂದದ್ದು ಮಾತ್ರ ಸೋಸಿ ಉಳಿದ ಬೆಳಕು. ಅಲ್ಲಿ ಅರೆಬರೆ ಗಟ್ಟಿಯಾದ ಸಿಮೆಂಟ್ ಸೆರಾಮಿಕ್‌ಗೆ ಆಧಾರ ಕೊಡುವುದಿಲ್ಲ. ಕೆಲವು ತಿಂಗಳ ನಂತರ ಅಂಚು ಕಂದುಗಟ್ಟುತ್ತದೆ, ಆನ್‌ಲೇ ಬಿಟ್ಟುಬರುತ್ತದೆ ಇಲ್ಲವೇ ಬಿರುಕು ಬಿಡುತ್ತದೆ. ಆಗ ದೂರು ಬರುವುದು ತುಂಡು ಮಾಡಿಕೊಟ್ಟ ಲ್ಯಾಬಿನ ಮೇಲೆ.

ಬೆಳಕು ಸೆರಾಮಿಕ್‌ನ ದಪ್ಪಕ್ಕೆ ತಕ್ಕಂತೆ ಸಮನಾಗಿ ಇಳಿಯುವುದಿಲ್ಲ. ಪ್ರತಿ ಪದರವೂ ತನಗೆ ಬಂದದ್ದರಲ್ಲಿ ಒಂದು ಪಾಲನ್ನು ನುಂಗುತ್ತದೆ, ಚದುರಿಸುತ್ತದೆ. ಮೊದಲ ಮಿಲಿಮೀಟರಿನಲ್ಲಿ ಅರ್ಧ ಹೋದರೆ ಎರಡನೆಯದರ ಕೆಳಗೆ ಉಳಿಯುವುದು ಕಾಲುಭಾಗ. ಲೀಥಿಯಂ ಡೈಸಿಲಿಕೇಟ್ ಎಂಬ ಸೆರಾಮಿಕ್‌ನ ಬಗೆಗಳಲ್ಲಿ ಎಚ್‌ಟಿ ಹೆಚ್ಚು ಬೆಳಕು ಬಿಡುತ್ತದೆ, ಎಲ್‌ಟಿ ಕಡಿಮೆ, ಅಪಾರದರ್ಶಕವಾದ ಎಂಒ ಮತ್ತು ಎಚ್‌ಒ ಇನ್ನೂ ಕಡಿಮೆ. ದಪ್ಪ ಅಷ್ಟೇ ಇದ್ದರೂ ತಿಳಿ ಶೇಡ್ (ಬಣ್ಣ) ಎ1ಗಿಂತ ಗಾಢ ಶೇಡ್ ಎ4 ಹೆಚ್ಚು ತಡೆಯುತ್ತದೆ. ಹಾಗಾಗಿ ಲ್ಯಾಬಿಗೆ ಶೇಡ್ ಬರೆದು ಕಳಿಸುವಾಗಲೇ ತುಂಡು ಮಾಡುವ ಸೆರಾಮಿಕ್ ಬ್ಲಾಕ್ ಯಾವುದು ಎಂದು ಕೇಳಿಟ್ಟುಕೊಳ್ಳಬೇಕು. ತುಂಡು ಬಂದ ಮೇಲೆ ಅತಿ ದಪ್ಪ ಇರುವ ಜಾಗವನ್ನು ಕ್ಯಾಲಿಪರ್‌ನಿಂದ ಅಳೆಯಬೇಕು. ದವಡೆ ಹಲ್ಲಿನಲ್ಲಿ ಆ ಜಾಗ ಸಾಮಾನ್ಯವಾಗಿ ಕಸ್ಪಿನ (ಹಲ್ಲಿನ ಮೇಲಿನ ಉಬ್ಬು) ಕೆಳಗೆ ಅಥವಾ ಬಾಕ್ಸಿನ (ಪಕ್ಕದ ಹಲ್ಲಿನ ಕಡೆಗೆ ಕೊರೆದ ಗುಂಡಿ) ತಳದಲ್ಲಿರುತ್ತದೆ. 2 ಮಿ.ಮೀ.ಗಿಂತ ಕಡಿಮೆ, ಬೆಳಕು ಚೆನ್ನಾಗಿ ಬಿಡುವ ತುಂಡು ಎಂದಾದರೆ ಎಲ್‌ಸಿ. ಅದಕ್ಕಿಂತ ದಪ್ಪವಿದ್ದರೆ ಅಥವಾ ಅನುಮಾನವಿದ್ದರೆ ಡಿಸಿ.

ಈ ಸಿಮೆಂಟಿನ ಮೆಚ್ಚಬೇಕಾದ ಗುಣ ಅದರ ಐವೋಸೆರಿನ್ ಇನಿಶಿಯೇಟರ್, ಅಂದರೆ ಬೆಳಕು ಹೀರಿ ಗಟ್ಟಿಯಾಗುವಿಕೆ ಶುರುಮಾಡುವ ಪದಾರ್ಥ. ಹಳದಿ ಬಣ್ಣಕ್ಕೆ ಕಾರಣವಾಗುವ ಅಮೈನ್ ಎಂಬ ರಾಸಾಯನಿಕ ಇಲ್ಲದ ಕಾರಣ ವರ್ಷಗಳು ಕಳೆದಂತೆ ಹಳದಿಯಾಗುವ ಭಯ ಕಡಿಮೆ. ಡಿಸಿಗೂ ಅಮೈನ್ ಬೇಕಿಲ್ಲ. ಆದರೆ ಐವೋಸೆರಿನ್ ಹೆಚ್ಚು ಹೀರುವುದು 410 ನ್ಯಾನೋಮೀಟರ್ ಆಸುಪಾಸಿನ ನೇರಳೆ ಬೆಳಕನ್ನು, ಸೆರಾಮಿಕ್ ಹೆಚ್ಚು ತಡೆಯುವುದೂ ಅದನ್ನೇ. ನೀಲಿ ಬೆಳಕು ಅದಕ್ಕಿಂತ ಆಳಕ್ಕೆ ಇಳಿಯುತ್ತದೆ. ನೇರಳೆ, ನೀಲಿ ಎರಡನ್ನೂ ಕೊಡುವ ದೀಪ ಇದ್ದರೆ ಒಳ್ಳೆಯದೇ, ಆದರೆ ಅದಿದೆ ಎಂಬ ಧೈರ್ಯದಲ್ಲಿ ದಪ್ಪ ತುಂಡಿಗೆ ಎಲ್‌ಸಿ ಹಾಕಬಾರದು.

ಕೂರಿಸುವ ಕ್ರಮದಲ್ಲಿ ತಪ್ಪುವುದು ಹೆಚ್ಚಾಗಿ ಸಮಯ. ಲೀಥಿಯಂ ಡೈಸಿಲಿಕೇಟ್‌ಗೆ ಹೈಡ್ರೋಫ್ಲೋರಿಕ್ ಆಸಿಡ್ ಜೆಲ್ 20 ಸೆಕೆಂಡು, ಇನ್ನೊಂದು ಬಗೆಯಾದ ಲ್ಯೂಸೈಟ್ ಸೆರಾಮಿಕ್‌ಗೆ 60. ಚೆನ್ನಾಗಿ ತೊಳೆದು ಒಣಗಿಸಿ, ಸಿಮೆಂಟ್ ಹಿಡಿಯಲು ಹಚ್ಚುವ ಮೊನೋಬಾಂಡ್ ಪ್ಲಸ್ ದ್ರವವನ್ನು 60 ಸೆಕೆಂಡು ಬಿಟ್ಟು ಗಾಳಿ ಊದಬೇಕು. ತಾತ್ಕಾಲಿಕ ಸಿಮೆಂಟಿನಲ್ಲಿ ಯೂಜಿನಾಲ್ (ಲವಂಗದ ಎಣ್ಣೆಯ ಅಂಶ) ಇದ್ದಿದ್ದರೆ ಅದರ ಪಸೆ ರೆಸಿನ್ ಗಟ್ಟಿಯಾಗುವುದನ್ನೇ ತಡೆಯುತ್ತದೆ. ತುಂಡು ಕೂರಿಸುವಾಗ ಚೇರಿನ ಮೇಲಿನ ದೀಪವನ್ನು ಬಾಯಿಯಿಂದ ಸರಿಸಿಡಿ, ಅದರ ಬೆಳಕಿಗೇ ಎಲ್‌ಸಿ ಬಿಗಿಯತೊಡಗುತ್ತದೆ. ಮೊದಲು ಪ್ರತಿ ಮೂಲೆಗೆ ಒಂದೆರಡು ಸೆಕೆಂಡು ಬೆಳಕು ಕೊಟ್ಟು, ಹೆಚ್ಚುವರಿ ಸಿಮೆಂಟನ್ನು ತೆಗೆದು, ಅಂಚಿಗೆ ಗ್ಲಿಸರಿನ್ ಜೆಲ್ ಬಳಿಯಿರಿ. ಇಲ್ಲದಿದ್ದರೆ ಆಮ್ಲಜನಕ ತಾಗಿದ ಮೇಲ್ಪದರ ಅಂಟಂಟಾಗಿಯೇ ಉಳಿಯುತ್ತದೆ. ಕೊನೆಯ ಸುತ್ತಿನಲ್ಲಿ ಚದರ ಸೆಂ.ಮೀ.ಗೆ 1000 ಮಿಲಿವ್ಯಾಟ್‌ಗಿಂತ ಹೆಚ್ಚು ಶಕ್ತಿಯ ದೀಪವಾದರೆ, ಸೆರಾಮಿಕ್‌ನ ಪ್ರತಿ ಮಿ.ಮೀ.ಗೆ 10 ಸೆಕೆಂಡಿನಂತೆ ಪ್ರತಿ ಭಾಗಕ್ಕೂ ಬೆಳಕು ಬೇಕು. 2 ಮಿ.ಮೀ. ಆನ್‌ಲೇಗೆ ಮೇಲಿನಿಂದ 20, ಕೆನ್ನೆಯ ಬದಿಯಿಂದ 20, ನಾಲಿಗೆಯ ಬದಿಯಿಂದ 20. ಅವಸರದ ಕ್ಲಿನಿಕ್ಕಿನಲ್ಲಿ ಮೊದಲು ಕಡಿತವಾಗುವುದು ಇದೇ ಸಮಯ. ನಡುವೆ ಗಾಳಿ ಊದಿ ಹಲ್ಲನ್ನು ತಣ್ಣಗಿಡಿ.

ದೀಪದ ತುದಿಗೆ ಹಳೆಯ ರೆಸಿನ್ ಅಂಟಿದ್ದರೆ, ಸುಕ್ಕಾದ ಪ್ಲಾಸ್ಟಿಕ್ ಕವಚ ಹೊದೆಸಿದ್ದರೆ, ತುದಿಯನ್ನು ಓರೆಯಾಗಿ ಹಿಡಿದರೆ ಈ ಲೆಕ್ಕವೆಲ್ಲ ತಲೆಕೆಳಗು. 8 ಮಿ.ಮೀ. ತುದಿ ದೊಡ್ಡ ದವಡೆ ಹಲ್ಲನ್ನು ಒಂದೇ ಬಾರಿಗೆ ಪೂರ್ತಿ ಆವರಿಸುವುದೂ ಇಲ್ಲ.

ಒಂದು ಸುಲಭ ಪರೀಕ್ಷೆ: ಗಾಜಿನ ತಟ್ಟೆಯ ಮೇಲೆ ಚುಕ್ಕೆಯಷ್ಟು ಎಲ್‌ಸಿ ಇಟ್ಟು, ಮೇಲೆ ಪಾರದರ್ಶಕ ಪ್ಲಾಸ್ಟಿಕ್‌ನ ಮ್ಯಾಟ್ರಿಕ್ಸ್ ಪಟ್ಟಿ, ಅದರ ಮೇಲೆ ಆಸಿಡ್ ಹಾಕುವ ಮುಂಚಿನ ತುಂಡು. ಪಕ್ಕದಿಂದ ಬೆಳಕು ನುಗ್ಗದಂತೆ ಸುತ್ತ ಕಪ್ಪು ಕಾಗದ ಮರೆಮಾಡಿ, ಬಾಯಲ್ಲಿ ಕೊಡಬೇಕೆಂದಿರುವಷ್ಟೇ ಸಮಯ ಬೆಳಕು ಕೊಡಿ. ಚುಕ್ಕೆಯನ್ನು ಎಬ್ಬಿಸಿ ತಳಭಾಗಕ್ಕೆ ಉಗುರು ಒತ್ತಿದಾಗ ಗೆರೆ ಬಿದ್ದರೆ ಆ ತುಂಡಿಗೆ ಎಲ್‌ಸಿ ಬೇಡ. ಗೆರೆ ಬೀಳದಿದ್ದರೆ ಪೂರ್ತಿ ಗಟ್ಟಿಯಾಗಿದೆ ಎಂದರ್ಥವಲ್ಲ, ದೊಡ್ಡ ಕೊರತೆ ಇಲ್ಲ ಎಂದಷ್ಟೇ.

ಡಿಸಿ ತಾನಾಗಿ ಗಟ್ಟಿಯಾಗುತ್ತದೆಂದು ದೀಪದ ಸಮಯ ಕಡಿಮೆ ಮಾಡಬೇಡಿ. ಬೆಳಕೂ ಸಿಕ್ಕಾಗಲೇ ಅದು ಸರಿಯಾಗಿ ಬಲಗೊಳ್ಳುತ್ತದೆ. ಪೇಸ್ಟ್ ಬೆರೆಸಿ ಕೊಡುವ ಆಟೋಮಿಕ್ಸ್ ತುದಿಯಿಂದ ಮೊದಲು ಬರುವ ಸ್ವಲ್ಪ ಪೇಸ್ಟನ್ನು ಎಸೆಯಿರಿ, ಎರಡೂ ಪೇಸ್ಟ್ ಸಮ ಪ್ರಮಾಣದಲ್ಲಿ ಬೆರೆತಿರುವುದಿಲ್ಲ. ಕಲಬುರಗಿಯ ಬೇಸಿಗೆಯಲ್ಲಿ ಎ.ಸಿ. ಇಲ್ಲದ ಕೋಣೆಯಾದರೆ ಡಿಸಿ ಬೇಗ ಬಿಗಿಯುತ್ತದೆ, ಒಂದು ಬಾರಿಗೆ ಒಂದೇ ತುಂಡು ಕೂರಿಸಿ.

ಸಿಮೆಂಟಿನ ಶೇಡ್‌ಗಳು ಐದು: ಲೈಟ್ ಪ್ಲಸ್, ಲೈಟ್, ನ್ಯೂಟ್ರಲ್, ವಾರ್ಮ್, ವಾರ್ಮ್ ಪ್ಲಸ್. ಹೆಚ್ಚಿನ ಕೆಲಸಕ್ಕೆ ನ್ಯೂಟ್ರಲ್ ಸಾಕು. ವೆನೀರ್ ತೆಳುವಾಗಿದ್ದಷ್ಟೂ ಸಿಮೆಂಟಿನ ಬಣ್ಣ ಹೊರಗೆ ಕಾಣುವುದರಿಂದ ಬಣ್ಣ ನೋಡಲೆಂದು ತಾತ್ಕಾಲಿಕವಾಗಿ ಹಚ್ಚುವ ಟ್ರೈ-ಇನ್ ಪೇಸ್ಟ್ ಹಚ್ಚಿ ರೋಗಿಗೆ ಕನ್ನಡಿ ಕೊಟ್ಟು ಒಪ್ಪಿಗೆ ಪಡೆಯುವುದನ್ನು ಬಿಡಬಾರದು.