ಬಂದರಿನ ಹಳೆ ಸಾಮಾನಿನ ಅಂಗಡಿ: ಬಿಯರ್ ಮಗ್ಗು ತೆಗೊಳ್ಳುವವರು ಮೊದ್ಲು ತಳ ನೋಡಿ

ಮಂಗ್ಳೂರು ಬಂದರ್ ಕಡೆ ಒಂದು ಹಳೆ ಸಾಮಾನಿನ ಅಂಗಡಿ ಉಂಟು, ಹೆಸರು ಹಾಕುದಿಲ್ಲ, ಯಾಕಂದ್ರೆ ಸ್ವಲ್ಪ ಬೈಲಿಕ್ಕೂ ಉಂಟು. ಹೊರಗಿಂದ ನೋಡಿದ್ರೆ ಪಕ್ಕಾ ಗುಜರಿ ಅಂಗಡಿ, ಹಡಗಿನ ದೀಪ, ಮುರಿದ ಟೇಬಲ್ ಫ್ಯಾನು, ಮೂರೇ ಕಾಲಿನ ಕುರ್ಚಿ. ಒಳಗಿನ ಕಪಾಟಲ್ಲಿ ಮಾತ್ರ ಜರ್ಮನಿಯ ಬಿಯರ್ ಸ್ಟೈನುಗಳು, ಅಂದ್ರೆ ಮುಚ್ಚಳ ಇರುವ ಆ ದೊಡ್ಡ ಮಗ್ಗುಗಳು, ನಾನು ಹೋದ ದಿನ ಹದಿನಾಲ್ಕು ಇತ್ತು. ಪಕ್ಕದಲ್ಲೇ ಹಿತ್ತಾಳೆ ಗಿಂಡಿ, ಕಂಚಿನ ಲೋಟ, ಕಳ್ಳು ಕುಡಿಯುವ ತೆಂಗಿನ ಗೆರಟೆ. ಗೆರಟೆಗೆ ಇನ್ನೂರೈವತ್ತು ಹೇಳಿದ್ರು ಮಾರಾಯ್ರೆ, ನಮ್ಮ ಹಿತ್ಲಲ್ಲಿ ಬಿದ್ದು ಕೊಳೆಯುವ ಮಾಲಿಗೆ!

ಒಳ್ಳೆದು ಮೊದ್ಲು ಹೇಳ್ತೇನೆ. ಇಲ್ಲಿ ಮುಟ್ಬೇಡಿ ಅನ್ನುದಿಲ್ಲ. ಯಜಮಾನ್ರು ಸ್ಟೂಲು ಕೊಟ್ರು, ಟಾರ್ಚ್ ಕೊಟ್ರು, ಅವರಷ್ಟಕ್ಕೆ ಪೇಪರ್ ಓದ್ತಾ ಕೂತ್ರು, ನಾನು ಎರಡು ಗಂಟೆ ಒಂದೊಂದೇ ತೆಗ್ದು ನೋಡಿದೆ. ಒಂದು ಬಿಳಿ ಪಿಂಗಾಣಿದು, ಒಳಗೆ ಇಣುಕಿದ್ರೆ ತಳದಲ್ಲಿ ಎಂತದೋ ಉಬ್ಬು ತಗ್ಗು, ಏನೂ ಗೊತ್ತಾಗುದಿಲ್ಲ, ಅದೇ ತಳದ ಹೊರಗಿಂದ ಟಾರ್ಚ್ ಹಿಡಿದ್ರೆ ಒಂದು ಗಂಡು ಒಂದು ಹೆಣ್ಣು ಕೈಹಿಡಿದು ನಿಂತ ಚಿತ್ರ, ಕಪ್ಪುಬಿಳುಪು ಫೋಟೊ ಹಾಗೆ. ಇದಕ್ಕೆ ಲಿಥೋಫೇನ್ ಅಂತಾರೆ, ಪಿಂಗಾಣಿ ತೆಳು ಇದ್ದಲ್ಲಿ ಬೆಳಕು ಬರ್ತದೆ, ದಪ್ಪ ಇದ್ದಲ್ಲಿ ಕತ್ತಲೆ, ಅಷ್ಟೆ ಗುಟ್ಟು. ಕುಡಿದು ಖಾಲಿ ಮಾಡಿ ದೀಪಕ್ಕೆ ಹಿಡಿದವನಿಗೆ ಮಾತ್ರ ಕಾಣುದು, ಎಂತ ತಲೆ ನೋಡಿ ಅವರದ್ದು.

ಅದು ಸೈನಿಕರ ಸ್ಟೈನ್. ಜರ್ಮನಿಯಲ್ಲಿ ಮಿಲಿಟರಿ ಸೇವೆ ಮುಗಿಸಿದವರು ನೆನಪಿಗೆ ಅಂತ ತಮ್ಮ ಹೆಸರು, ರೆಜಿಮೆಂಟು, ಜೊತೆಗಿದ್ದವರ ಪಟ್ಟಿ ಎಲ್ಲ ಬರೆಸಿ ಮಾಡಿಸಿಕೊಳ್ತಿದ್ರು, ಹೆಚ್ಚಿನವು 1914ರ ಯುದ್ಧಕ್ಕೆ ಮುಂಚಿನವು. ಅಸಲಿಗೆ ಒಳ್ಳೆ ಬೆಲೆ ಉಂಟು, ಹಾಗಾಗಿ ನಕಲಿಯೂ ರಾಶಿ. ಇಲ್ಲಿದ್ದದ್ದು ನಕಲಿ. ಲೆನ್ಸ್ ಇಟ್ಟು ನೋಡಿದ್ರೆ ಬಣ್ಣ ಎಲ್ಲ ಚುಕ್ಕೆ ಚುಕ್ಕೆ, ನ್ಯೂಸ್‌ಪೇಪರಿನ ಚಿತ್ರದ ಹಾಗೆ. ಹನ್ನೆರಡು ಸಾವಿರ ಹೇಳಿದ್ರು, ವಾಪಸ್ ಇಟ್ಟೆ.

ಈಗ ಬೈಗುಳ. ಈ ಯಜಮಾನ್ರಿಗೆ ಎಲ್ಲದಕ್ಕೂ ಒಂದೇ ಕತೆ, "ಇದು ಬಾಸೆಲ್ ಮಿಷನಿನ ಪಾದ್ರಿಗಳು ತಂದದ್ದು ಸರ್, ನೂರೈವತ್ತು ವರ್ಷದ್ದು." ಮಿಷನಿನವರು, ಅಂದ್ರೆ ಯುರೋಪಿನ ಆ ಕ್ರೈಸ್ತ ಪಾದ್ರಿಗಳ ಸಂಸ್ಥೆ, 1834ರಲ್ಲಿ ಇಲ್ಲಿಗೆ ಬಂದದ್ದು ಹೌದು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದೂ ಹೌದು, ಹೋದ ವರ್ಷ ಅದೇ ಕತೆ ನಂಬಿ ನಾನು ಒಂದಕ್ಕೆ ನಾಲ್ಕೂವರೆ ಸಾವಿರ ಕೊಟ್ಟೆ. ಮನೆಗೆ ಬಂದು ತೊಳೆದು ಕವುಚಿ ನೋಡಿದ್ರೆ ಧೂಳಿನ ಅಡಿಯಲ್ಲಿ ಸೀಲು, ವೆಸ್ಟ್ ಜರ್ಮನಿ. ಆ ದೇಶ ಹುಟ್ಟಿದ್ದೇ 1949ರಲ್ಲಿ, 1990ಕ್ಕೆ ಮುಗೀತು! ಯಾವ ಪಾದ್ರಿ ತಂದದ್ದೋ ದೇವರಿಗೇ ಗೊತ್ತು, ನನಗೆ ಕಾಣ್ತದೆ ಯಾರೋ ಹಡಗಿನಲ್ಲಿ ಕೆಲಸಕ್ಕಿದ್ದವರು ತಂದದ್ದು. ವಾಪಸ್ ಮಾಡ್ಲಿಕ್ಕೆ ಹೋದ್ರೆ "ತಳ ನೀವೇ ನೋಡ್ಬೇಕಿತ್ತಲ್ಲ ಸರ್" ಅಂದ್ರು. ಕೋಪ ಬಂತು, ಆದ್ರೆ ಮಾತು ಸರಿ ಇತ್ತು.

ಹಾಗಾಗಿ ಈಗ ನಾನು ತಳವೇ ಮೊದ್ಲು ನೋಡುದು. ಮೆಟ್ಲಾಖ್ (ಜರ್ಮನಿಯ ಒಂದು ಊರು) ಅಂತ ಮಣ್ಣಿಗೇ ಒತ್ತಿದ ಗುರುತು, ನಂಬರು ಇದ್ರೆ ವಿಲರಾಯ್ ಅಂಡ್ ಬೋಖ್ ಕಂಪೆನಿಯದ್ದು, ಸಂಗ್ರಹ ಮಾಡುವವರು ಸಾಯ್ತಾರೆ ಅದಕ್ಕೆ, ಇಲ್ಲಿ ನನಗೆ ಸಿಕ್ಕಿಲ್ಲ. ಆಮೇಲೆ ಮಡಕೆ ತೆಗೊಳ್ಳುವಾಗ ಮಾಡ್ತೇವಲ್ಲ ಹಾಗೆ ಬೆರಳಲ್ಲಿ ತಟ್ಟುದು, ಠಣ್ ಅಂದ್ರೆ ಸರಿ, ಬೊದ್ ಅಂದ್ರೆ ಎಲ್ಲೋ ಬಿರುಕು ಉಂಟು.

ಮುಚ್ಚಳ ಬೆಳ್ಳಿ ಅಂತ ಹೇಳಿದ್ರೆ ನಂಬ್ಬೇಡಿ, ಹೆಚ್ಚಿನದ್ದು ಪ್ಯೂಟರ್, ತವರವೇ ಜಾಸ್ತಿ ಇರುವ ಮಿಶ್ರಲೋಹ. ನಾನು ತಂದದ್ದನ್ನು ಅಮ್ಮ ಚೌತಿಗೆ ಹಿತ್ತಾಳೆ ಪಾತ್ರೆ ಒಟ್ಟಿಗೆ ಹುಣಸೆಹುಳಿ ಹಾಕಿ ತಿಕ್ಕಿಬಿಟ್ರು, ಆ ಹಳೆ ಮಬ್ಬು ಬೂದಿ ಬಣ್ಣ ಎಲ್ಲ ಹೋಗಿ ಕಲೆ ಕಲೆ. "ಫಳಫಳ ಆಯ್ತಲ್ಲ ಮಗ" ಅಂದ್ರು, ಎಂತ ಹೇಳುದು. ಹಳೆ ಪ್ಯೂಟರಿನಲ್ಲಿ ಸೀಸವೂ ಇರ್ತದೆ, ಅದ್ರಲ್ಲಿ ಕುಡಿಯುವ ಆಸೆ ಇದ್ರೆ ಬಿಡಿ, ಶೋಕೇಸಿಗೆ ಮಾತ್ರ.

ಪ್ಯಾಕಿಂಗ್ ದಂಡ, ಒಂದು ಪೇಪರ್ ಸುತ್ತಿ ಕೈಗೆ ಕೊಡ್ತಾರೆ, ಟವೆಲ್ ನೀವೇ ತೆಗೊಂಡು ಹೋಗಿ. ಚರ್ಚೆ ಮಾಡಿದ್ರೆ ಅರ್ಧಕ್ಕೆ ಇಳಿತಾರೆ. ಜಿಪೇ ಉಂಟು, ಬಿಲ್ ಇಲ್ಲ. ಐದಕ್ಕೆ ಮೂರೂವರೆ ಸ್ಟಾರ್.

ಮತ್ತೆ ಒಂದು ವಿಷಯ. ಕ್ಯಾಶ್ ಟೇಬಲಿನ ಮೇಲೆ ಪೆನ್ನು, ಊದುಬತ್ತಿ ಹಾಕಿಟ್ಟ ಒಂದು ಬೂದಿ ಬಣ್ಣದ ಮಗ್ಗು ಉಂಟು, ಮೇಲೆ ನೀಲಿ ಹೂವು, ಮುಚ್ಚಳ ಹೋಗಿದೆ. ಮುಟ್ಟಿದ್ರೆ ಕಿತ್ತಳೆ ಸಿಪ್ಪೆ ಹಾಗೆ ತರಿತರಿ. ಭಟ್ಟಿ ಉರಿಯುವಾಗ ಒಳಗೆ ಉಪ್ಪು ಎಸೆದ್ರೆ ಅದು ಮಣ್ಣಿಗೆ ಹಿಡಿದು ಗಾಜಿನ ಹಾಗೆ ಆಗ್ತದೆ, ಅದ್ರ ಗುರುತು ಅದು, ಜರ್ಮನಿಯ ವೆಸ್ಟರ್‌ವಾಲ್ಡ್ ಕಡೆಯ ಕೆಲಸ, ನಮ್ಮ ಉಪ್ಪಿನಕಾಯಿ ಭರಣಿಯ ಜಾತಿದೇ. ಆ ಕಪಾಟಿನ ಹದಿನಾಲ್ಕಕ್ಕಿಂತ ನನಗೆ ಅದೇ ಬೇಕು, ಅದಕ್ಕೆ ಮಾತ್ರ ಅವ್ರು ಎಂತ ಕತೆಯೂ ಹೇಳ್ಲಿಲ್ಲ. ಶನಿವಾರ ಬರ್ತೇನೆ ಅಂತ ಹೇಳಿ ಬಂದಿದ್ದೇನೆ, ಅದ್ರ ಮುಂಚೆ ನೀವು ಹೋದ್ರೆ ದಯವಿಟ್ಟು ಅದಕ್ಕೆ ಕೈ ಹಾಕ್ಬೇಡಿ.